ಟ್ರ್ಯಾಕರ್ ಇಲ್ಲದೆ ಲುಬ್ಧಕದ ಸ್ಪೆಕ್ಟ್ರಮ್: ನನ್ನ ಅನುಭವ

ಲುಬ್ಧಕ (ಸಿರಿಯಸ್) ನಕ್ಷತ್ರದ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಅದರ ಬೆಳಕು ಬಿಡಿಸಿದಾಗ ಬರುವ ಬಣ್ಣದ ಪಟ್ಟಿಯಲ್ಲಿ, ಹೈಡ್ರೋಜನ್ನಿನ ಮೂರು ಕಪ್ಪು ಗೆರೆ ಕೊನೆಗೂ ಸಿಕ್ಕವು. ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲಿಂದ, ಬರೀ ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು. ನಕ್ಷತ್ರದ ಜೊತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಇಲ್ಲ, ಟೆಲಿಸ್ಕೋಪ್ ಇಲ್ಲ. ಎರಡು ವರ್ಷದಿಂದ "ಇದು ಆಗಂಗಿಲ್ಲ ಬಿಡ್ರಿ, ಯಾಕ ಸುಮ್ನ ರೊಕ್ಕ ಹಾಳು ಮಾಡ್ತೀರಿ" ಅಂದವರೇ ಜಾಸ್ತಿ. ಅವರಲ್ಲಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯರೂ ಒಬ್ಬರು. ಹಾಗಾಗಿ ಮಾಡಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಶುರು ಮಾಡಿದ್ದು ಎಲ್ಲರ ಹಾಗೇ ಡಿವಿಡಿಯಿಂದ. ಶಹಾಬಾದ್ ಕಲ್ಲಿನ ಒಂದು ತುಂಡಿನ ಮೇಲೆ ರಟ್ಟಿನ ಡಬ್ಬಿ, ಎರಡು ಬ್ಲೇಡಿನ ನಡುವೆ ಸಣ್ಣ ಸೀಳು (ಸ್ಲಿಟ್), ಬೆಳಕು ಬಿಡಿಸುವುದಕ್ಕೆ ಡಿವಿಡಿ ಚೂರು. ಕಲ್ಲು ಅಲ್ಲಾಡುವುದಿಲ್ಲ, ಅದೊಂದು ಲಾಭ. ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸದ 436 ಮತ್ತು 546 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ, ಬಣ್ಣಕ್ಕೊಂದು) ಗೆರೆ ಚೆನ್ನಾಗಿ ಬಂದವು. ಆದರೆ ನಕ್ಷತ್ರಕ್ಕೆ ಡಿವಿಡಿ ಕೆಲಸಕ್ಕೆ ಬರಲಿಲ್ಲ. ಗೀರುಗಳು ಬಾಗಿವೆ, ಇರುವ ಅಷ್ಟಿಷ್ಟು ಬೆಳಕೂ ಚೆದುರಿ ಹೋಗುತ್ತದೆ. ಮೂರು ತಿಂಗಳು ಅದರಲ್ಲೇ ಹೋಯಿತು.

ಆಮೇಲೆ ಮಿಲಿಮೀಟರಿಗೆ 500 ಗೀರಿನ, ಬೆಳಕು ಬಿಡಿಸುವ ಪಾರದರ್ಶಕ ಫಿಲ್ಮ್ ತರಿಸಿದೆ. ನೆನಪಿದ್ದಂತೆ 350 ರೂಪಾಯಿ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್, 18 ಮೆಗಾಪಿಕ್ಸೆಲ್, 11 ಸಾವಿರ. 50 ಎಂಎಂ ಲೆನ್ಸ್ ಸುಮಾರು 5 ಸಾವಿರ. ಗೆಳೆಯರು ಹೇಳಿದ್ದು ಸ್ಟಾರ್ ಅನಲೈಸರ್ 100 (ನಕ್ಷತ್ರದ ಬೆಳಕು ಬಿಡಿಸುವುದಕ್ಕೆಂದೇ ಮಾಡಿದ ಗೀರಿನ ಗಾಜು) ತಗೊಳ್ಳಿ, ಜೊತೆಗೆ ಟ್ರ್ಯಾಕರ್ ತಗೊಳ್ಳಿ ಅಂತ. ಎಲ್ಲ ಸೇರಿಸಿದರೆ ನನ್ನ ಲೆಕ್ಕಕ್ಕೆ 60 ಸಾವಿರ ದಾಟುತ್ತಿತ್ತು. ಆ ವರ್ಷ ತೊಗರಿ ಕೈಕೊಟ್ಟಿತ್ತು. ಮನೆಯಲ್ಲಿ ಆ ಮಾತು ಎತ್ತುವ ಹಾಗೂ ಇರಲಿಲ್ಲ.

ಮೊದಲ ರಾತ್ರಿ ಲೆನ್ಸ್ ಮುಂದೆ ಫಿಲ್ಮ್ ಕಟ್ಟಿ ಲುಬ್ಧಕಕ್ಕೆ ಗುರಿ ಇಟ್ಟೆ. ನಕ್ಷತ್ರ ಬಂತು, ಸ್ಪೆಕ್ಟ್ರಮ್ ಪೂರ್ತಿ ಬರಲಿಲ್ಲ. ಒಂದೂವರೆ ಗಂಟೆ ಒದ್ದಾಡಿದೆ. 500 ಗೀರಿನ ಫಿಲ್ಮ್ ಹಸಿರು ಬಣ್ಣವನ್ನು 16 ಡಿಗ್ರಿ ತಿರುಗಿಸುತ್ತದೆ. ನಕ್ಷತ್ರವನ್ನು ಫ್ರೇಮಿನ ನಡುವೆ ಇಟ್ಟರೆ ಸ್ಪೆಕ್ಟ್ರಮ್‌ನ ಬಹುಭಾಗ ಹೊರಗೆ ಬೀಳುತ್ತದೆ. ಕ್ಯಾಮೆರಾವನ್ನು ನಕ್ಷತ್ರದಿಂದ 16 ಡಿಗ್ರಿ ಪಕ್ಕಕ್ಕೆ ತಿರುಗಿಸಬೇಕು. ಲುಬ್ಧಕ ಫ್ರೇಮಿನಲ್ಲಿ ಕಾಣಲೇಬಾರದು! ಇದನ್ನು ನಾನೇ ಎಡವಿ ಕಲಿತೆ.

ಎರಡನೇ ತೊಂದರೆ ದೊಡ್ಡದು. ನಾನು ಬಣ್ಣ ಪೂರ್ವ-ಪಶ್ಚಿಮಕ್ಕೆ ಹರಡುವಂತೆ ಫಿಲ್ಮ್ ಕೂಡಿಸಿದ್ದೆ. ಭೂಮಿ ತಿರುಗುತ್ತದಲ್ವಾ, ನಕ್ಷತ್ರವೂ ಅದೇ ದಿಕ್ಕಿಗೆ ಜಾರುತ್ತದೆ. ನನ್ನ ಲೆನ್ಸಿಗೆ ಸೆಕೆಂಡಿಗೆ ಒಂದು ಪಿಕ್ಸೆಲ್‌ಗಿಂತ ಸ್ವಲ್ಪ ಕಡಿಮೆ. 20 ಸೆಕೆಂಡ್ ಶಟರ್ ತೆರೆದಿಟ್ಟರೆ ಅಕ್ಕಪಕ್ಕದ ಬಣ್ಣ ಒಂದರ ಮೇಲೊಂದು ಕಲೆಸಿ, ಗೆರೆ ಮಾಯ. ಒಂದೇ ಸೆಕೆಂಡಿಗೆ ಇಳಿಸಿ, ಕ್ಯಾಮೆರಾ ಬೆಳಕು ಹಿಡಿಯುವ ಚುರುಕನ್ನು ಐಎಸ್‌ಒ 6400ಕ್ಕೆ ಏರಿಸಿದರೆ ದಾರದಷ್ಟು ತೆಳ್ಳಗಿನ ಕಾಮನಬಿಲ್ಲು. ಅದರಲ್ಲಿ ಗೆರೆ ಎಲ್ಲಿ ಹುಡುಕುವುದು? ಹೀಗೇ ಒಂದು ಚಳಿಗಾಲ ಪೂರ್ತಿ ಹೋಯಿತು. ಟ್ರ್ಯಾಕರ್ ಬೇಕೇ ಬೇಕು ಅಂದವರ ಮಾತು ಆಗ ನಿಜ ಅನ್ನಿಸಿತ್ತು.

ದಾರಿ ಸಿಕ್ಕಿದ್ದು ಚಿಂಚೋಳಿ ಕಡೆಯ ನಮ್ಮ ಹೊಲದಲ್ಲಿ. ತೊಗರಿ ರಾಶಿಗೆ ಹೋಗಿದ್ದೆ, ಕ್ಯಾಮೆರಾ ಜೊತೆಗಿತ್ತು. ಮೋಟಾರ್ ಸೈಕಲ್ ಅಲುಗಾಟಕ್ಕೆ ಫಿಲ್ಮ್ ಹಿಡಿದ ರಿಂಗ್ ಸಡಿಲಾಗಿ ತಿರುಗಿಬಿಟ್ಟಿತ್ತು. ಕತ್ತಲಲ್ಲಿ ನಾನು ನೋಡಲಿಲ್ಲ. ಲುಬ್ಧಕ ತೆಗೆಯಲು ಹೋದವನಿಗೆ ಯಾವ ನಕ್ಷತ್ರ ಸಿಕ್ಕಿತೋ ಈಗಲೂ ಗೊತ್ತಿಲ್ಲ. ಮರುದಿನ ಅಳಿಸೋಣ ಅಂತ ತೆರೆದರೆ, ಒಂದು ಫೋಟೋದಲ್ಲಿ ಸ್ಪೆಕ್ಟ್ರಮ್ ದಾರವಾಗಿರಲಿಲ್ಲ, ಪಟ್ಟಿಯಾಗಿತ್ತು. ನಡುವೆ ಒಂದು ಅಡ್ಡ ಗೆರೆ.

ಇಷ್ಟು ದಿನ ನಾನು ನಕ್ಷತ್ರದ ಜಾರುವಿಕೆ ಜೊತೆ ಜಗಳವಾಡುತ್ತಿದ್ದೆ. ಅದೇ ಜಾರುವಿಕೆ ಸ್ಪೆಕ್ಟ್ರಮ್ ಅಗಲ ಮಾಡಿಕೊಡುತ್ತದೆ! ಫಿಲ್ಮಿನ ಗೀರು ನಕ್ಷತ್ರ ಜಾರುವ ದಿಕ್ಕಿಗೆ ಸರಿಯಾಗಿ ಇರಬೇಕು, ಬಣ್ಣ ಉತ್ತರ-ದಕ್ಷಿಣಕ್ಕೆ ಹರಡಬೇಕು. ಅಷ್ಟೇ. ನಕ್ಷತ್ರ ನೆತ್ತಿಯ ಗೆರೆ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿ ಮೇಲೆ ಹಾಯುವ ಗೆರೆ) ದಾಟುವ ಹೊತ್ತಿಗೆ ತೆಗೆದರೆ ಜಾರುವಿಕೆ ಅಡ್ಡವಾಗಿರುತ್ತದೆ, ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿದರೆ ಸಾಕು. ನಮ್ಮೂರಲ್ಲಿ ಫೆಬ್ರುವರಿ ಮೊದಲ ವಾರ ಲುಬ್ಧಕಕ್ಕೆ ಆ ಹೊತ್ತು ರಾತ್ರಿ ಹತ್ತೂಕಾಲರ ಹತ್ತಿರ. ಆಗ ಅದು ದಕ್ಷಿಣಕ್ಕೆ 56 ಡಿಗ್ರಿ ಎತ್ತರದಲ್ಲಿ ಇರುತ್ತದೆ. ನಾನು ಕ್ಯಾಮೆರಾವನ್ನು 40 ಡಿಗ್ರಿಗೆ ಇಡುತ್ತೇನೆ, ಕತ್ತೂ ನೋಯುವುದಿಲ್ಲ.

ಲೆನ್ಸಿನ ಬಾಯಿ ಎಫ್ 2.8, ಐಎಸ್‌ಒ 3200, 20 ಸೆಕೆಂಡ್, ಮೂವತ್ತು ಚಿಲ್ಲರೆ ಫ್ರೇಮ್. ಪಟ್ಟಿಯ ಅಗಲ 16 ಪಿಕ್ಸೆಲ್ ಆಸುಪಾಸು. ಫೋಕಸ್ ಅನ್ನು ನಕ್ಷತ್ರದ ಚುಕ್ಕೆ ನೋಡಿ ಮಾಡಬೇಡಿ, ಕಪ್ಪು ಗೆರೆಯನ್ನೇ ನೋಡಿ ಮಾಡಿ. ಎರಡಕ್ಕೂ ವ್ಯತ್ಯಾಸ ಇದೆ. ಫಿಲ್ಮ್ ಅಲೆಅಲೆಯಾಗಿದ್ದರೆ ಗೆರೆ ಮಸುಕಾಗುತ್ತದೆ. ಅದನ್ನು ಲೆನ್ಸ್ ಮುಂದೆ ಹಾಕುವ ಯುವಿ ಫಿಲ್ಟರ್ ಗಾಜಿಗೆ ಸಪಾಟಾಗಿ ಕೂಡಿಸುವುದು ಹೇಗೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹನ್ನೊಂದು ಫಿಲ್ಮ್ ಹಾಳು ಮಾಡಿ ಕಲಿತದ್ದು. ಗೋಂದು ಮಾತ್ರ ಹಚ್ಚಬೇಡಿ.

ಫೋಟೋ ತೋರಿಸಿದಾಗ ಆ ಭೌತಶಾಸ್ತ್ರದ ಗೆಳೆಯರು, "ಇದು ನಕ್ಷತ್ರದ ಮಿನುಗಾಟರೀ, ಗೆರೆ ಅಲ್ಲ" ಅಂದರು. ಒಳ್ಳೆಯ ಪ್ರಶ್ನೆಯೇ. ಮಿನುಗಿದರೆ ಪಟ್ಟಿಯ ಉದ್ದಕ್ಕೂ, ಕೆಂಪಿನಿಂದ ನೇರಳೆ ತನಕ ಗೀಟು ಬೀಳುತ್ತದೆ. ಹೈಡ್ರೋಜನ್ ಗೆರೆ ಅಡ್ಡಕ್ಕೆ ನಿಲ್ಲುತ್ತದೆ. ನನ್ನ ಫೋಟೋದಲ್ಲಿ ಎರಡೂ ಬೇರೆಬೇರೆ ಕಾಣುತ್ತವೆ. ಆಮೇಲೆ ಇಮೇಜ್‌ಜೆಯಲ್ಲಿ ಅಳೆದು ತೋರಿಸಿದೆ, ಅದು ಫೋಟೋ ಅಳೆಯುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ. ಮೊದಲೆರಡು ಗೆರೆ ನಡುವೆ ಸುಮಾರು 310 ಪಿಕ್ಸೆಲ್, ಮುಂದಿನ ಎರಡರ ನಡುವೆ 140 ಚಿಲ್ಲರೆ. ಹೈಡ್ರೋಜನ್ ಗೆರೆ 486, 434, 410 ನ್ಯಾನೋಮೀಟರ್ ಹತ್ತಿರ ಇರುತ್ತವೆ, ಅಂದರೆ ಅಂತರ 52 ಮತ್ತು 24. ಎರಡು ಕಡೆಯೂ ಮೊದಲನೆಯದು ಎರಡನೆಯದರ 2.2 ಪಟ್ಟು. ಗೆಳೆಯರು ಕಾಗದದ ಮೇಲೆ ಮತ್ತೆ ಲೆಕ್ಕ ಮಾಡಿ ನೋಡಿ, "ನಮ್ಮ ಹುಡುಗರಿಗೂ ತೋರಸ್ರೀ" ಅಂದರು.

ಅದೇ ವಾರ ಆರ್ದ್ರಾ ನಕ್ಷತ್ರ ತೆಗೆದೆ, 30 ಸೆಕೆಂಡಿನಂತೆ. ಅಲ್ಲಿ ತೆಳ್ಳನೆ ಗೆರೆಗಳಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕತ್ತಲೆ. ಟೈಟಾನಿಯಂ ಆಕ್ಸೈಡಿನ ಪಟ್ಟೆಗಳು. ನೀಲಿ ಕಡೆ ಚಾಕುವಿನಿಂದ ಕೊಯ್ದ ಹಾಗೆ, ಕೆಂಪು ಕಡೆ ನಿಧಾನಕ್ಕೆ ಬೆಳಕಾಗುತ್ತದೆ. ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿದರೆ, ಲುಬ್ಧಕ ಬಿಸಿ ನಕ್ಷತ್ರ, ಆರ್ದ್ರಾ ತಂಪು ನಕ್ಷತ್ರ ಅಂತ ನಮ್ಮ ಮಗಳಿಗೂ ಹೇಳಿಕೊಡಬೇಕಾಗಲಿಲ್ಲ.

ಹಗಲಿನ ಪ್ರಯೋಗ ಒಂದು ಹೇಳಲೇಬೇಕು. ಚೀಲ ಹೊಲಿಯುವ ದಬ್ಬಣ ಇರುತ್ತದಲ್ವಾ, ಅದನ್ನು ಕಪ್ಪು ಬಟ್ಟೆ ಮುಂದೆ ಬಿಸಿಲಿಗೆ ಇಟ್ಟೆ. ಅದರ ಮೇಲೆ ಹೊಳೆಯುವ ಕೂದಲಿನಂಥ ಗೆರೆಯೇ ಸ್ಲಿಟ್ ಆಗುತ್ತದೆ. ಐದಾರು ಮೀಟರ್ ದೂರದಿಂದ ಅದೇ ಫಿಲ್ಮ್ ಹಾಕಿ ತೆಗೆದರೆ ಸೂರ್ಯನ ಸೋಡಿಯಂ ಗೆರೆ, 517ರ ಹತ್ತಿರ ಮೆಗ್ನೀಸಿಯಂ ಗೆರೆ, ಎಲ್ಲ ಬರುತ್ತವೆ. ಬ್ಲೇಡಿಗಿಂತ ಎಷ್ಟೋ ಚೆನ್ನಾಗಿ. ಕ್ಯಾಮೆರಾ ಮಾತ್ರ ಸೂರ್ಯನ ಕಡೆ ತಿರುಗಿಸಬೇಡಿ.

1868ರ ಆಗಸ್ಟ್ 18ರ ಗ್ರಹಣದಲ್ಲಿ ಜಾನ್ ಹರ್ಷೆಲ್ ಅನ್ನುವ ಲೆಫ್ಟಿನೆಂಟ್ ನಮ್ಮ ಜಮಖಂಡಿಯಿಂದಲೇ ಸೂರ್ಯನ ಅಂಚಿನ ಜ್ವಾಲೆಗಳ ಸ್ಪೆಕ್ಟ್ರಮ್ ನೋಡಿದ್ದರು. ಕಿತ್ತಳೆ ಬಣ್ಣದ ಒಂದು ಗೆರೆ ಸೋಡಿಯಂದು ಅಂದುಕೊಂಡರು. ಅದು ಹೀಲಿಯಂ. ಎರಡಕ್ಕೂ ಇರುವ ಅಂತರ ಒಂದೂವರೆ ನ್ಯಾನೋಮೀಟರ್ ಚಿಲ್ಲರೆ. ನನ್ನ ಫೋಟೋದಲ್ಲಿ ಅದು ಎಂಟು ಹತ್ತು ಪಿಕ್ಸೆಲ್ ಆಗುತ್ತದೆ. 350 ರೂಪಾಯಿ ಫಿಲ್ಮಿಗೆ ಅಷ್ಟು ಬಿಡಿಸಿ ತೋರಿಸುವ ಶಕ್ತಿ ಇದೆ ಅಂತ ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಒಂದು ಕೊರತೆ ಉಳಿದಿದೆ. ಹೈಡ್ರೋಜನ್ನಿನದೇ ಇನ್ನೊಂದು ಗೆರೆ, 656 ನ್ಯಾನೋಮೀಟರಿನ ಕೆಂಪು ಗೆರೆ, ತೀರಾ ಮಸುಕು. ಕ್ಯಾಮೆರಾದೊಳಗಿನ ಫಿಲ್ಟರ್ ಆ ಕೆಂಪನ್ನು ತಡೆಯುತ್ತದೆ. ತೆಗೆಸುವುದಕ್ಕೆ ಹೈದರಾಬಾದಿನಲ್ಲಿ 4 ಸಾವಿರ ಕೇಳಿದ್ದಾರೆ. ಈ ಸಲದ ತೊಗರಿ ಮಾರಿದ ಮೇಲೆ ನೋಡಬೇಕು. ಅಷ್ಟರಲ್ಲಿ ಅಭಿಜಿತ್ ನಕ್ಷತ್ರ ರಾತ್ರಿ ಎತ್ತರಕ್ಕೆ ಬರುವ ಕಾಲ. ಮಳೆಗಾಲದ ಮೋಡ ಬಿಟ್ಟುಕೊಟ್ಟರೆ ಅದನ್ನೂ ಇದೇ ಫಿಲ್ಮಿನಲ್ಲಿ ತೆಗೆಯುತ್ತೇನೆ.