ದೇವಕಣಗಿಲೆ ಕಡ್ಡಿ ಕೊಳೆಯುವುದು ನಿಂತಿದ್ದು ಹೀಗೆ

ನೆಟ್ಟ ಕಡ್ಡಿಗಳೆಲ್ಲ ಬುಡ ಮೆತ್ತಗಾಗಿ, ಕಪ್ಪಾಗಿ ಹೋಗುತ್ತಿದ್ದವು. ತಪ್ಪು ಎರಡು: ಕತ್ತರಿಸಿದ ದಿನವೇ ನೆಟ್ಟಿದ್ದು, ದಿನಾ ನೀರು ಹಾಕಿದ್ದು. ದಾಸವಾಳದ ಕ್ರಮ ಇದಕ್ಕೆ ಒಗ್ಗದು. ಇದರ ಕಾಂಡದಲ್ಲೇ ನೀರು ತುಂಬಿರುತ್ತದೆ, ಹಸಿ ಗಾಯದಿಂದ ಶಿಲೀಂಧ್ರ ಸಲೀಸಾಗಿ ಒಳಹೊಗುತ್ತದೆ.

ಈ ಸಲ ಬೂದುಬಣ್ಣಕ್ಕೆ ತಿರುಗಿದ, 30–40 ಸೆಂ.ಮೀ. ಉದ್ದದ ಬಲಿತ ಕಡ್ಡಿ ಆರಿಸಿ ಎಲೆ, ಮೊಗ್ಗು ಎಲ್ಲ ತೆಗೆದೆ. ಹಾಲು ಸೋರಿ ನಿಂತ ಮೇಲೆ ನೆರಳಲ್ಲಿ 10 ದಿನ ಒಣಗಿಸಿದೆ. ಕೊಯ್ದ ಜಾಗ ಮುಟ್ಟಿದರೆ ಗಟ್ಟಿಯಾಗಿರಬೇಕು. ನೆಡುವ ಮಿಶ್ರಣಕ್ಕೆ ದಪ್ಪ ಮರಳು 2 ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) 1 ಪಾಲು. 8–10 ಸೆಂ.ಮೀ. ಆಳಕ್ಕೆ ನೆಟ್ಟು ಕೋಲಿಗೆ ಬಿಗಿಯಾಗಿ ಕಟ್ಟಿದೆ, ಅಲುಗಾಡಿದರೆ ಎಳೆ ಬೇರು ಮುರಿಯುತ್ತದೆ. ಒಮ್ಮೆ ನೀರು; ಮತ್ತೆ ಮಿಶ್ರಣ ಪೂರ್ತಿ ಒಣಗಿದ ಮೇಲಷ್ಟೇ, ಅದೂ ಸ್ವಲ್ಪ.

ಕಡ್ಡಿ ತುಸು ಸುಕ್ಕುಗಟ್ಟಿದರೆ ಗಾಬರಿ ಬೇಡ, ಬೇರು ಬಂದ ಮೇಲೆ ತುಂಬಿಕೊಳ್ಳುತ್ತದೆ. ಮೋಸ ಮಾಡುವುದು ಚಿಗುರು: ಬೇರಿಲ್ಲದೆಯೂ ಕಾಂಡದ ದಾಸ್ತಾನಿನಿಂದಲೇ ಅದು ಮೂಡುತ್ತದೆ. 2–3 ಎಲೆ ಪೂರ್ತಿ ಬಿಚ್ಚಿಕೊಂಡ ಮೇಲೆಯೇ ನೀರು ಹೆಚ್ಚಿಸಿ. ಬುಡ ಮೆತ್ತಗಾದ ಕಡ್ಡಿಯನ್ನು ಎಸೆಯಬೇಡಿ. ಕಲೆಯಿಲ್ಲದ ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿ, ಮತ್ತೆ ಒಣಗಿಸಿ ನೆಡಿ.