ಸೆರೆನ್‌ನ ಬೂದಿಯಿಂದ ಎಳೆ ಜೋಳದ ಸಸಿ ತೆಗೆದದ್ದು: ನನ್ನ ಅನುಭವ

"ದಪ್ಪ ದಂಟಾದರೆ ಸರಿ. ಎಳೆ ಸಸಿ ಎಲೆ ಸಮೇತ ಬರಲ್ಲ, ಸುಮ್ನೆ ಪ್ಲಾಸ್ಟರ್ ದಂಡ" ಎಂದು ತಂಡದಲ್ಲಿ ಎಲ್ಲರೂ ಹೇಳಿದ್ದರು. ಬಂತು. ಎಲ್ ಸಾಲ್ವಡಾರ್‌ನ ಹೋಯಾ ದೆ ಸೆರೆನ್‌ನಲ್ಲಿ, ಮುಸುಕಿನ ಜೋಳದ ಒಂದು ಗೇಣಿನ ಸಸಿ, ಎರಡು ಎಲೆ ಸಮೇತ.

ಅದು ಪುರಾತನ ಕಾಲದಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ರೈತರ ಹಳ್ಳಿ. ಗಿಡ ಕೊಳೆತುಹೋದ ಜಾಗದಲ್ಲಿ ಬೂದಿಯೊಳಗೆ ಟೊಳ್ಳು ಉಳಿದಿದೆ. ಅದಕ್ಕೆ ಪ್ಲಾಸ್ಟರ್ ಸುರಿದು ಗಿಡದ ಆಕಾರ ತೆಗೆಯುತ್ತೇವೆ. ಅಲ್ಲಿನ ಬೂದಿಯಲ್ಲಿ ಪದರಗಳಿವೆ. ಮೊದಲು ಬಿದ್ದ ಪದರ ನುಣುಪು, ನೆಂದದ್ದು. ಗಿಡದ ಅಚ್ಚು ಹಿಡಿದಿಟ್ಟಿರುವುದು ಅದೇ. ಮೇಲಿನ ಪದರ ದೊರಗು, ಸಡಿಲ. ಟೊಳ್ಳು ಅದಕ್ಕೆ ತಾಗಿದರೆ ಮುಗಿಯಿತು, ಪ್ಲಾಸ್ಟರ್ ಸೋರಿಹೋಗುತ್ತದೆ. ನನ್ನ ಮೊದಲ ಏಳೆಂಟು ಪ್ರಯತ್ನ ಹಾಗೇ ಹೋದವು. ಗಟ್ಟಿಯಾಗಿ ಕಲಸಿದರೆ ಅರ್ಧಕ್ಕೇ ಬಿಗಿದುಕೊಂಡಿತು. ತೆಳ್ಳಗೆ ಕಲಸಿದರೆ ತೆಗೆಯುವಾಗ ಸೀಮೆಸುಣ್ಣದ ಹಾಗೆ ಮುರಿಯಿತು.

ದುಡ್ಡು ಉಳಿಸೋಣ ಎಂದು ಗೋಡೆಗೆ ಬಳಿಯುವ ಪ್ಲಾಸ್ಟರ್ ತಂದಿದ್ದೆ. ಒಂದು ಮೂಟೆಗೆ ಹತ್ತು ಡಾಲರ್ ಇರಬೇಕು. ಎಲೆಯ ಗೆರೆ ಒಂದೂ ಮೂಡಲಿಲ್ಲ. ಕೊನೆಗೆ ಹಲ್ಲಿನ ಡಾಕ್ಟರು ಬಳಸುವ ಪ್ಲಾಸ್ಟರ್‌ಗೇ ಹೋದೆ. ಮೂರು ಪಟ್ಟು ಜಾಸ್ತಿ ಬೆಲೆ. ಎಲ್ಲ ಸೇರಿ ಕೈಯಿಂದ 150 ಡಾಲರ್ ಹತ್ತಿರ ಹೋಯಿತು.

ಗೆದ್ದದ್ದು ಎರಡು ಸಲ ಸುರಿದಾಗ. ಮೊದಲು ಮಜ್ಜಿಗೆಯಷ್ಟು ತೆಳ್ಳಗೆ, ಆಮೇಲೆ ದೋಸೆ ಹಿಟ್ಟಿನ ಹದ. ನಡುವೆ ಎಷ್ಟು ಹೊತ್ತು ಬಿಡಬೇಕು, ಮೊದಲ ನೀರಿಗೆ ಏನು ಸೇರಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಗಾಳಿ ಹೊರಬರಲು ತೆಳು ಕೊಳವೆ ಇಡುವುದನ್ನು ಮಾತ್ರ ಮರೆಯಬೇಡಿ.

ಇದರ ಜೊತೆಗೇ ಬಾಡಿಗೆ ಮನೆಯ ಹಿತ್ತಲಿನ ಬಕೆಟ್‌ನಲ್ಲಿ ಒದ್ದೆ ಬೂದಿ ತುಂಬಿ ಮರಗೆಣಸಿನ ಕಡ್ಡಿ ಹೂತಿಟ್ಟಿದ್ದೆ. ಸೆರೆನ್‌ನ ರೈತರು ಗೆಣಸು ಕಿತ್ತು, ಕಡ್ಡಿಗಳನ್ನು ಏರಿಯೊಳಗೆ ಅಡ್ಡಲಾಗಿ ಮಲಗಿಸಿ ಮತ್ತೆ ನೆಟ್ಟಿದ್ದರಲ್ವಾ, ಆ ಟೊಳ್ಳು ಎಷ್ಟು ಬೇಗ ಆಗುತ್ತದೆ ಎಂದು ನೋಡಬೇಕಿತ್ತು. ಎಂಟು ತಿಂಗಳಾದರೂ ನಾರು ಹಾಗೇ ಇತ್ತು. ಇನ್ನೊಂದು ಬಕೆಟ್ ಈಗಲೂ ಇದೆ.

ಸಸಿಗೆ ಯಾಕಿಷ್ಟು ಹಟ ಅಂದರೆ, ತಿಂಗಳು ಹೇಳುವುದು ಅದೇ. ಬಲಿತ ಜೋಳದ ದಂಟನ್ನು ಬಗ್ಗಿಸಿ ತೆನೆ ಒಣಗಲು ಬಿಟ್ಟಿದ್ದರು. ಅದೇ ಊರಿನಲ್ಲಿ ಎರಡನೇ ಬೆಳೆಯ ಸಸಿ ಇನ್ನೂ ಎಳೆಯದು. ಅಂದರೆ ಬೂದಿ ಬಿದ್ದದ್ದು ಆಗಸ್ಟ್ ಸುಮಾರಿಗೆ. ನನ್ನ ಅಚ್ಚನ್ನು ನಮ್ಮ ಜೊತೆ ಅಗೆಯುತ್ತಿದ್ದ ಸ್ಥಳೀಯ ರೈತರೊಬ್ಬರ ಕೈಗಿಟ್ಟೆ. ತಿರುಗಿಸಿ ನೋಡಿದರು. "ಇದಕ್ಕೆ ಕಳೆ ತೆಗೆಯುವ ಹೊತ್ತು" ಎಂದರು.