ಹೆಡ್ಡಿನ ಪಕ್ಕದ ಸ್ಕ್ರೂ

ನಮ್ಮ ಮನೆಯಲ್ಲಿ ಈಗ ಐದು ಕ್ಯಾಸೆಟ್ ಡೆಕ್ ಇವೆ. ನಾಲ್ಕು ಹಾಡುತ್ತವೆ. ಐದನೆಯದು ಜಪಾನಿನಲ್ಲೇ ಮಾರಲು ಮಾಡಿದ್ದು. ಹಿಂದುಗಡೆ 100 ವೋಲ್ಟ್ ಅಂತ ದೊಡ್ಡದಾಗೇ ಬರೆದಿತ್ತು. ನೋಡದೆ ನಮ್ಮ 230ಕ್ಕೆ ಸಿಕ್ಕಿಸಿದೆ. ಈಗ ಅದು ಬಿಡಿ ಭಾಗಗಳ ಅಂಗಡಿ.

ಹುಚ್ಚು ಶುರುವಾಗಿದ್ದು ಅಪ್ಪನ ಕ್ಯಾಸೆಟ್ಟುಗಳಿಂದ. ಎಂಬತ್ತರ ದಶಕದಲ್ಲಿ ಅವರು ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮೈಸೂರು ಆಕಾಶವಾಣಿಯ ಹಾಡುಗಳನ್ನು ಹಿಡಿಯುತ್ತಿದ್ದರು. ಒಂದು ಶೂ ಡಬ್ಬಿ ತುಂಬ ಸಿ-60, ಸಿ-90, ಅಂದರೆ ಅರವತ್ತು, ತೊಂಬತ್ತು ನಿಮಿಷದ ಕ್ಯಾಸೆಟ್ಟುಗಳು. ಅವನ್ನು ಕೇಳಲೆಂದೇ ಮೊದಲ ಡೆಕ್ ಕೊಂಡೆ. ಮಾರಿದವರು "ವರ್ಕಿಂಗ್ ಕಂಡೀಷನ್ ಸಾರ್" ಅಂದರು. ಮನೆಗೆ ತಂದರೆ ದೀಪ ಹತ್ತಿತು, ಮೋಟಾರು ಗುಂಯ್ ಅಂದಿತು, ಟೇಪು ಮಾತ್ರ ಅಲ್ಲಾಡಲಿಲ್ಲ.

ಬಿಚ್ಚಿ ನೋಡಿದರೆ ಮೋಟಾರಿನಿಂದ ಟೇಪು ಓಡಿಸುವ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿತ್ತು. ಹಳೇ ಡೆಕ್ಕುಗಳಲ್ಲಿ ಇದು ಮಾಮೂಲಿ. ಒರೆಸಿ ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿ, ಜೊತೆಗೆ ತಾಳ್ಮೆ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಬೆಲ್ಟು ಒಂಚೂರು ಸಡಿಲ ಇತ್ತು. ಕೊಳಲು ಅಳುವ ಹಾಗೆ ಕೇಳಿಸಿತು. ಸರಿಯಾದ ಅಳತೆಯದು ಸಿಕ್ಕ ಮೇಲೆ 3150 ಹರ್ಟ್ಸ್ ಸ್ವರ ತುಂಬಿದ ಟೆಸ್ಟ್ ಕ್ಯಾಸೆಟ್ ಹಾಕಿ, ಮೊಬೈಲಿನಲ್ಲಿ ಅಳೆಯುತ್ತಾ, ಮೋಟಾರಿನ ಹಿಂದಿನ ತೂತಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇಟ್ಟು ವೇಗ ಸರಿ ಮಾಡಿದೆ.

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟುಗಳು ಚೆನ್ನಾಗಿ ಹಾಡಿದವು. ಅಪ್ಪನವು ಮಾತ್ರ ಕಂಬಳಿ ಹೊದ್ದ ಹಾಗೆ. ಟೇಪು ಸವೆದಿದೆ ಅಂದುಕೊಂಡು ಒಂದು ವರ್ಷ ಸುಮ್ನೆ ಇಟ್ಟುಬಿಟ್ಟೆ.

ತಪ್ಪು ಟೇಪಿನದಲ್ಲ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುತ್ತದೆ. ಲೆಕ್ಕ ಹಾಕಿ: 10,000 ಹರ್ಟ್ಸಿನ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ ಐದು ಮೈಕ್ರಾನಿಗೂ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಡಿಮೆ. ಅಷ್ಟು ಸಣ್ಣ ಗೆರೆಯನ್ನು ಓದುವ ಹೆಡ್ಡು ಕೂದಲೆಳೆಯಷ್ಟು ವಾರೆಯಾದರೂ ಟ್ರೆಬಲ್, ಅಂದರೆ ತಾರ ಸ್ಥಾಯಿಯ ಚುರುಕು ಸದ್ದು, ಮಾಯ. ಹೆಡ್ಡಿನ ಈ ಕೋನಕ್ಕೆ ಅಜಿಮತ್ ಅನ್ನುತ್ತಾರೆ. ಅಪ್ಪನ ಟೇಪ್ ರೆಕಾರ್ಡರಿನ ಹೆಡ್ಡು ವಾರೆಯಾಗಿತ್ತು. ವಾರೆಯಾಗಿ ಬರೆದದ್ದನ್ನು ಅಷ್ಟೇ ವಾರೆಯಾಗಿ ಓದಬೇಕು. ನನ್ನ ಡೆಕ್ ನೆಟ್ಟಗಿದ್ದದ್ದೇ ತೊಂದರೆ!

ಜಪಾನಿನ ನಕಾಮಿಚಿ ಕಂಪನಿಯವರ ಡ್ರ್ಯಾಗನ್ ಡೆಕ್ಕಿಗೆ ಜನ ಲಕ್ಷಗಟ್ಟಲೆ ಯಾಕೆ ಸುರಿಯುತ್ತಾರೆ ಅಂತ ಆಗ ಅರ್ಥವಾಯಿತು. 1982ರಲ್ಲಿ ಬಂದ ಅದು ಹಾಡು ಓಡುತ್ತಿರುವಾಗಲೇ ಹೆಡ್ಡನ್ನು ತಾನೇ ಹೊಂದಿಸಿಕೊಳ್ಳುತ್ತದೆ. ನನ್ನ ಹತ್ತಿರ ಲಕ್ಷ ಇಲ್ಲ, ಸ್ಕ್ರೂಡ್ರೈವರ್ ಇದೆ. ಹಾಗಾಗಿ ಒಂದು ಅಗ್ಗದ ಡೆಕ್ಕನ್ನು ಇದಕ್ಕೇ ಮೀಸಲಿಟ್ಟೆ. ಒಳ್ಳೆಯ ಡೆಕ್ಕುಗಳ ಹೆಡ್ಡು ಮುಟ್ಟುವುದಿಲ್ಲ. ಒಮ್ಮೆ ಕೆಡಿಸಿದರೆ ಟೆಸ್ಟ್ ಕ್ಯಾಸೆಟ್ ಇಲ್ಲದೆ ಮತ್ತೆ ಕೂರಿಸುವುದು ಕಷ್ಟ.

ಮಾಡುವ ರೀತಿ ಇಷ್ಟೇ. ಕ್ಯಾಸೆಟ್ ಬಾಗಿಲಿನ ಮುಚ್ಚಳ ತೆಗೆದು ಟೇಪು ಓಡಿಸುತ್ತೇನೆ. ಟೇಪಿನ ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಆಫ್; ಅಪ್ಪನ ಟೇಪುಗಳಲ್ಲಿ ಅದು ಇರಲೇ ಇಲ್ಲ, ಹಾಕಿದರೆ ಇದ್ದ ಟ್ರೆಬಲ್ಲೂ ಹೋಗುತ್ತದೆ. ಆಂಪ್ಲಿಫೈಯರಿನ ಮೋನೋ ಗುಂಡಿ ಒತ್ತುತ್ತೇನೆ. ಎರಡು ಚಾನೆಲ್ ಸೇರಿದಾಗ ಹೆಡ್ಡಿನ ವಾರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಆಮೇಲೆ ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಗಡಿಯಾರದ ಮುಳ್ಳಿನ ಐದು ನಿಮಿಷದಷ್ಟು ಆ ಕಡೆ, ಈ ಕಡೆ. ಸ್ಕ್ರೂಡ್ರೈವರಿನಲ್ಲಿ ಅಯಸ್ಕಾಂತದ ಗುಣ ಇರಬಾರದು, ನೆನಪಿರಲಿ.

ಮೊದಲ ಸಲ ಸರಿಯಾದ ಜಾಗ ಸಿಕ್ಕಾಗ ಕಂಬಳಿ ಸರಕ್ಕನೆ ಜಾರಿದ ಹಾಗಾಯಿತು. ತಂಬೂರಿ ತಂತಿ ಬಿಡಿಬಿಡಿಯಾಗಿ ಕೇಳಿತು. ಹಾಡಿನ ಮಧ್ಯೆ ಒಂದು ಕುಕ್ಕರ್ ವಿಶಿಲ್ ಕೂಡ! ಅಮ್ಮ ಒಳಗಿಂದ ಬಂದು ನಿಂತರು. "ಅಪ್ಪ ಅವತ್ತು ನನ್ನ ಮೇಲೆ ರೇಗಿದ್ದರು, ರೆಕಾರ್ಡಿಂಗ್ ಹಾಳಾಯ್ತು ಅಂತ. ಆ ಕುಕ್ಕರ್ ಇನ್ನೂ ಅಟ್ಟದ ಮೇಲಿದೆ ಕಣೋ," ಅಂದರು.